ಇಸುಬು ಇರುವ ಮುಖಕ್ಕೆ ಮೇಕಪ್ ಹಚ್ಚಬಹುದೇ?

ಪ್ರಶ್ನೆ: ನನಗೆ 26 ವರ್ಷ. ದಾವಣಗೆರೆಯ ಮಂಡಿಪೇಟೆ ಕಡೆ ಒಂದು ಜವಳಿ ಅಂಗಡಿಯ ಸೀರೆ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಹರಿಹರದ ಹತ್ತಿರದ ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಓಡಾಟ. ಚಿಕ್ಕಂದಿನಲ್ಲಿ ಮೊಣಕೈ, ಮೊಣಕಾಲಿನ ಸಂದಿಗಳಲ್ಲಿ ಇಸುಬು ಇತ್ತು. ಹೈಸ್ಕೂಲಿಗೆ ಬರುವಷ್ಟರಲ್ಲಿ ವಾಸಿಯಾಗಿತ್ತು. ಎರಡು ವರ್ಷದಿಂದ ಮುಖಕ್ಕೆ ಬಂದಿದೆ. ಕಣ್ಣಿನ ರೆಪ್ಪೆ, ಬಾಯಿಯ ಸುತ್ತ, ಕುತ್ತಿಗೆ ಎಲ್ಲ ಕಡೆ ತುರಿಕೆ. ಅಂಗಡಿಗೆ ಮೇಕಪ್ ಮಾಡಿಕೊಂಡೇ ಬರಬೇಕು ಅನ್ನುತ್ತಾರೆ. ಹಚ್ಚಿದರೆ ಸಂಜೆಯ ಹೊತ್ತಿಗೆ ಉರಿ, ಹಚ್ಚದಿದ್ದರೆ ಗಿರಾಕಿಗಳೇ "ಏನಾಗೇತವ್ವಾ ಮುಖಕ್ಕೆ?" ಅಂತ ಕೇಳುತ್ತಾರೆ. ಪಕ್ಕದ ಮನೆಯವರು ಹೇಳಿದ ಒಂದು ಟ್ಯೂಬ್ ಮೆಡಿಕಲ್ ಶಾಪಿನಿಂದ ತಂದು ಹಚ್ಚುತ್ತಿದ್ದೇನೆ. ಎರಡೇ ದಿನಕ್ಕೆ ಮುಖ ನುಣ್ಣಗೆ, ಬೆಳ್ಳಗೆ ಆಗುತ್ತದೆ. ಬಿಟ್ಟರೆ ಮೊದಲಿಗಿಂತ ಜಾಸ್ತಿ. ಅಮ್ಮ ಅರಿಶಿನ, ಕಡ್ಲೆಹಿಟ್ಟು ಹಚ್ಚು, ಬದನೆಕಾಯಿ ಬಿಡು, ಮೆಣಸಿನಕಾಯಿ ಬಿಡು ಎನ್ನುತ್ತಾರೆ. ನಾನು ಮೇಕಪ್ಪನ್ನು ಪೂರ್ತಿ ಬಿಡಬೇಕಾ?

ಉತ್ತರ: ಬಿಡಬೇಕಾಗಿಲ್ಲ. ಮೊದಲು ಆ ಮಾತು ಹೇಳಿಬಿಡುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯ ಕೊನೆಯ ಸಾಲಿನಲ್ಲಿ ಅಳು ಇದೆ. ಇಸುಬು ಇದ್ದವರು ಮುಖಕ್ಕೆ ಬಣ್ಣ ಹಚ್ಚಲೇಬಾರದು ಎಂಬ ನಿಯಮ ಯಾವ ಚರ್ಮರೋಗ ಪುಸ್ತಕದಲ್ಲೂ ಇಲ್ಲ. ಆದರೆ ನಿಮ್ಮ ಮಟ್ಟಿಗೆ ಮೇಕಪ್ ಎರಡನೆಯ ವಿಷಯ. ಮೊದಲನೆಯ ವಿಷಯ ಆ ಟ್ಯೂಬ್.

ಟ್ಯೂಬಿನ ಹಿಂಭಾಗದಲ್ಲಿ ಸಣ್ಣ ಅಕ್ಷರದಲ್ಲಿ ಔಷಧದ ಹೆಸರುಗಳಿರುತ್ತವೆ. ಫೋನಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ಓದಿ. ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್, ಬೆಕ್ಲೊಮೆಥಾಸೋನ್ ಇವುಗಳಲ್ಲಿ ಒಂದಾದರೂ ಇದ್ದರೆ ಅದು ಸ್ಟೆರಾಯ್ಡ್. ಅದರ ಜೊತೆಗೆ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಎಂದೂ ಇದ್ದರೆ ಅದು ಬಂಗಿಗೆಂದು ವೈದ್ಯರು ಕೆಲವೇ ವಾರಗಳ ಮಟ್ಟಿಗೆ ಬರೆದುಕೊಡುವ ಮಿಶ್ರಣ. ನಮ್ಮಲ್ಲಿ ಅದನ್ನು ಬೆಳ್ಳಗಾಗುವ ಕ್ರೀಮ್ ಎಂದು ಮನೆಮನೆಯಲ್ಲಿ ಹಂಚಿಕೊಂಡು ಹಚ್ಚುತ್ತಾರೆ. ಹಚ್ಚಿದೊಡನೆ ರಕ್ತನಾಳಗಳು ಕುಗ್ಗುತ್ತವೆ, ಉರಿಯೂತ ಅಡಗುತ್ತದೆ, ಮುಖ ತಿಳಿಯಾಗಿ ಕಾಣುತ್ತದೆ. ತಿಂಗಳುಗಟ್ಟಲೆ ಮುಂದುವರಿಸಿದರೆ ಚರ್ಮ ತೆಳ್ಳಗಾಗುತ್ತದೆ, ಕೆನ್ನೆಯ ಮೇಲೆ ಕೆಂಪು ಎಳೆಗಳಂತೆ ನಾಳಗಳು ಎದ್ದು ಕಾಣುತ್ತವೆ, ಗಲ್ಲದ ಮೇಲೆ ಕೂದಲು ಬರುತ್ತದೆ, ಬಾಯಿಯ ಸುತ್ತ ಸಣ್ಣ ಸಣ್ಣ ಗುಳ್ಳೆ ಏಳುತ್ತವೆ, ಬಿಸಿಲಿಗೆ ಹೋದರೆ ಮುಖ ಕಾದ ಹಂಚಾಗುತ್ತದೆ. ಬಿಟ್ಟರೆ ಎರಡರಷ್ಟು ಕೆರಳುತ್ತದೆ, ಹಾಗಾಗಿ ಮತ್ತೆ ಹಚ್ಚುತ್ತೀರಿ. ನೀವು ಬರೆದ "ಬಿಟ್ಟರೆ ಮೊದಲಿಗಿಂತ ಜಾಸ್ತಿ" ಎಂಬ ಮಾತು ಇದೇ. ಬಾಯಿಯ ಸುತ್ತ ಇರುವುದು ನಿಮ್ಮ ಹಳೆಯ ಇಸುಬಲ್ಲದೆ ಟ್ಯೂಬೇ ತಂದಿಟ್ಟ ತೊಂದರೆ ಇರಬಹುದು ಎಂಬ ಅನುಮಾನ ನನಗೆ ಬಲವಾಗಿದೆ.

2018ರಲ್ಲಿ ಕೇಂದ್ರ ಸರ್ಕಾರ ಇಂಥ ಅನೇಕ ಸ್ಟೆರಾಯ್ಡ್ ಮುಲಾಮುಗಳನ್ನು ಎಚ್ ಶೆಡ್ಯೂಲಿಗೆ ಸೇರಿಸಿತು. ಅಂದರೆ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಆದರೂ ಕೇಳಿದವರ ಕೈಗೆ ಟ್ಯೂಬ್ ಬರುತ್ತಲೇ ಇದೆ. ಇದನ್ನು ನಾನು ನಿತ್ಯ ನೋಡುತ್ತೇನೆ, ನಿತ್ಯ ಸಂಕಟವಾಗುತ್ತದೆ.

ಹಾಗೆಂದು ಈ ರಾತ್ರಿಯೇ ಟ್ಯೂಬನ್ನು ಕಸದ ಬುಟ್ಟಿಗೆ ಎಸೆದು ಸುಮ್ಮನಾಗಬೇಡಿ. ಇಷ್ಟು ದಿನ ಹಚ್ಚಿದವರು ಒಮ್ಮೆಲೇ ನಿಲ್ಲಿಸಿದರೆ ಮುಖ ಊದಿ, ಉರಿದು, ಕೆಲವು ವಾರ ಬಹಳ ಕಾಡುತ್ತದೆ. ಆ ಕಷ್ಟ ತಡೆಯಲಾಗದೆ ಮತ್ತೆ ಅದೇ ಟ್ಯೂಬಿಗೆ ಮರಳುವವರೇ ಹೆಚ್ಚು. ಈ ವಾರದೊಳಗೆ ಒಬ್ಬ ಚರ್ಮರೋಗ ತಜ್ಞರನ್ನು ಕಾಣಿ. ಕಡಿಮೆ ಶಕ್ತಿಯ ಮುಲಾಮಿಗೆ ಇಳಿಸಿ, ಅಲ್ಲಿಂದ ಟ್ಯಾಕ್ರೊಲಿಮಸ್‌ನಂಥ ಸ್ಟೆರಾಯ್ಡ್ ಅಲ್ಲದ ಮುಲಾಮಿಗೆ ಬದಲಿಸುವ ದಾರಿ ಇದೆ. ದೊಡ್ಡವರಿಗೆ ಇದು ಶೇ 0.1 ಮತ್ತು 0.03ರ ಶಕ್ತಿಯಲ್ಲಿ ಸಿಗುತ್ತದೆ. ರೆಪ್ಪೆಯಂಥ ತೆಳು ಚರ್ಮಕ್ಕೆ ಬಹಳ ಉಪಯೋಗದ್ದು, ಚರ್ಮವನ್ನು ತೆಳ್ಳಗೆ ಮಾಡುವುದಿಲ್ಲ. ಮೊದಲ ನಾಲ್ಕೈದು ದಿನ ಚುರುಚುರು ಅನ್ನಿಸುತ್ತದೆ. ಮುಲಾಮು ಆಗಿಬರಲಿಲ್ಲ ಎಂದು ಹೆದರಿ ಅಲ್ಲಿಗೇ ಬಿಡಬೇಡಿ, ಆ ಉರಿ ತಾನಾಗಿ ಇಳಿಯುತ್ತದೆ. ಇನ್ನೊಂದು ಮಾತು: ಸ್ಟೆರಾಯ್ಡ್ ಎಂದರೆ ವಿಷವಲ್ಲ. ಸರಿಯಾದ ಶಕ್ತಿಯದ್ದನ್ನು, ಸರಿಯಾದ ಜಾಗಕ್ಕೆ, ಎಣಿಸಿದಷ್ಟು ದಿನ ಹಚ್ಚಿದರೆ ಇಸುಬಿಗೆ ಅದರಂಥ ಮದ್ದು ಕಡಿಮೆ. ತಪ್ಪಾಗುವುದು ಎಣಿಕೆ ಇಲ್ಲದೆ ಹಚ್ಚಿದಾಗ.

ಈಗ ಚರ್ಮದ ಕಡೆಗೆ ಬರೋಣ. ನಮ್ಮ ಚರ್ಮದ ಮೇಲ್ಪದರವನ್ನು ಇಟ್ಟಿಗೆ ಗೋಡೆ ಎಂದುಕೊಳ್ಳಿ. ಜೀವಕೋಶಗಳು ಇಟ್ಟಿಗೆ, ನಡುವಿನ ಕೊಬ್ಬಿನಂಶ ಗಾರೆ. ಇಸುಬು ಇರುವವರಲ್ಲಿ ಈ ಗಾರೆ ಹುಟ್ಟಿನಿಂದಲೇ ಸ್ವಲ್ಪ ಸಡಿಲ. ಫಿಲಾಗ್ರಿನ್ ಎಂಬ ಪ್ರೊಟೀನಿನ ಜೀನ್‌ನಲ್ಲಿ ದೋಷವಿದ್ದರೆ ಇಸುಬು ಬರುವ ಸಾಧ್ಯತೆ ಹೆಚ್ಚು ಎಂಬುದು 2006ರಲ್ಲಿ ಖಚಿತವಾಯಿತು. ಸಂದಿನಿಂದ ಒಳಗಿನ ನೀರು ಹೊರಗೆ ಸೋರುತ್ತದೆ, ಹೊರಗಿನ ಸೋಪು, ಧೂಳು, ಸುವಾಸನೆಯ ರಾಸಾಯನಿಕ ಒಳಗೆ ನುಗ್ಗುತ್ತದೆ. ನಿಮ್ಮ ಗೆಳತಿ ಅದೇ ಫೌಂಡೇಶನ್ ಹಚ್ಚಿಕೊಂಡು ಆರಾಮಾಗಿರುತ್ತಾಳೆ, ನಿಮಗೆ ಸಂಜೆಗೆ ಉರಿ ಬರುತ್ತದೆ ಎಂದರೆ ಕಾರಣ ಇಷ್ಟೇ. ಇದು ಅಂಟುಜಾಡ್ಯವಲ್ಲ, ರಕ್ತ ಕೆಟ್ಟದ್ದೂ ಅಲ್ಲ. ನೀವು ಮುಟ್ಟಿದ ಸೀರೆಯಿಂದ ಯಾರಿಗೂ ಬರುವುದಿಲ್ಲ. ಗಿರಾಕಿ ಕೇಳಿದರೆ ಅಷ್ಟನ್ನೇ ಧೈರ್ಯವಾಗಿ ಹೇಳಿ.

ಆದ್ದರಿಂದ ಮೇಕಪ್ಪಿಗಿಂತ ಮುಂಚೆ ಆ ಗಾರೆ ಮೆತ್ತುವ ಕೆಲಸ. ಉಗುರುಬೆಚ್ಚಗಿನ ನೀರಿನಲ್ಲಿ ಐದು ಹತ್ತು ನಿಮಿಷದ ಸ್ನಾನ ಸಾಕು. ಮುಖಕ್ಕೆ ನೊರೆ ಬರುವ ಸೋಪು ಬೇಡ, ಸುವಾಸನೆ ಇಲ್ಲದ ಕ್ಲೆನ್ಸರ್ ಸಾಕು. ಟವೆಲ್ಲಿನಿಂದ ಉಜ್ಜದೆ ಒತ್ತಿಕೊಂಡು, ಚರ್ಮದಲ್ಲಿ ಪಸೆ ಇರುವಾಗಲೇ, ಎರಡು ಮೂರು ನಿಮಿಷದೊಳಗೆ ಮಾಯಿಶ್ಚರೈಸರ್ ಹಚ್ಚಿಬಿಡಿ. ದುಬಾರಿಯದ್ದೇ ಬೇಕಿಲ್ಲ. ರಾತ್ರಿಗೆ ಬಿಳಿ ಪೆಟ್ರೋಲಿಯಂ ಜೆಲ್ಲಿಯಷ್ಟು ಕಡಿಮೆ ಕಿರಿಕಿರಿ ಮಾಡುವ ವಸ್ತು ಇನ್ನೊಂದಿಲ್ಲ. ಕೊಬ್ಬರಿ ಎಣ್ಣೆ ಹಲವರಿಗೆ ಒಗ್ಗುತ್ತದೆ. ಸಾಸಿವೆ ಎಣ್ಣೆ, ಆಲಿವ್ ಎಣ್ಣೆ ಎರಡೂ ಬೇಡ, ಅವು ಗಾರೆಯನ್ನು ಇನ್ನಷ್ಟು ಸಡಿಲಿಸುತ್ತವೆ.

ನಮ್ಮ ಕಡೆಯ ಬೋರ್ ನೀರಿನ ಮಾತನ್ನೂ ಹೇಳಬೇಕು. ಬಕೆಟ್ಟಿನ ಅಂಚಿಗೆ, ನಲ್ಲಿಯ ಬಾಯಿಗೆ ಬಿಳಿ ಪೊರೆ ಕಟ್ಟುವ ಗಡಸು ನೀರು ಸೋಪಿನ ಜೊತೆ ಸೇರಿ ಜಿಗುಟು ಕೊಳೆಯಾಗಿ ಚರ್ಮದ ಮೇಲೆ ಉಳಿಯುತ್ತದೆ. ಹೀಗೆಂದು ಸಾಲ ಮಾಡಿ ನೀರು ಮೆದು ಮಾಡುವ ಯಂತ್ರ ತರಬೇಡಿ. ಇಂಗ್ಲೆಂಡಿನಲ್ಲಿ ಇಸುಬು ಇದ್ದ 336 ಮಕ್ಕಳ ಮನೆಗಳಲ್ಲಿ ಇದನ್ನು ಪರೀಕ್ಷಿಸಿ ನೋಡಿದ್ದರು. 2011ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಯಂತ್ರದಿಂದ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ಸೋಪನ್ನು ಕಡಿಮೆ ಮಾಡಿ, ಕೊನೆಯ ಒಂದು ಚೊಂಬನ್ನು ಮುಖಕ್ಕೆ ಕುಡಿಯುವ ನೀರಿನದ್ದು ಹಾಕಿಕೊಳ್ಳಿ. ಖರ್ಚಿಲ್ಲದ ಉಪಾಯ.

ಇನ್ನು ಕಣ್ಣಿನ ರೆಪ್ಪೆ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ತಪ್ಪು ಆರೋಪಿಯನ್ನು ಹಿಡಿಯುವುದು ಹೆಚ್ಚಾಗಿ ಇಲ್ಲೇ. ಒಬ್ಬ ಹೆಣ್ಣುಮಗಳು ಎರಡೂ ರೆಪ್ಪೆ ಊದಿಸಿಕೊಂಡು ನನ್ನ ಬಳಿ ಬಂದಿದ್ದರು. ಕಾಡಿಗೆ ಬಿಟ್ಟಿದ್ದರು, ಐಲೈನರ್ ಬಿಟ್ಟಿದ್ದರು, ಮುಖಕ್ಕೆ ನೀರು ಬಿಟ್ಟರೆ ಬೇರೇನೂ ತಾಗಿಸುತ್ತಿರಲಿಲ್ಲ. ಆದರೂ ಕಡಿಮೆಯಾಗಿರಲಿಲ್ಲ. ಮಾತಾಡುವಾಗ ಅವರು ಬಲಗೈ ತೋರುಬೆರಳಿನಿಂದ ರೆಪ್ಪೆಯ ತುದಿಯನ್ನು ಮೆಲ್ಲಗೆ ಒತ್ತುತ್ತಲೇ ಇದ್ದರು. ಉಗುರಿನಲ್ಲಿ ದಾಳಿಂಬೆ ಬಣ್ಣದ ನೇಲ್ ಪಾಲಿಶ್, ಒಂದು ಬೆರಳಿನಲ್ಲಿ ಅರ್ಧ ಎದ್ದುಹೋಗಿತ್ತು. ಉಗುರು ಗಟ್ಟಿ, ಅದಕ್ಕೆ ಏನೂ ಆಗುವುದಿಲ್ಲ; ಆದರೆ ಅದೇ ಬೆರಳು ದಿನಕ್ಕೆ ಎಷ್ಟು ಸಲ ರೆಪ್ಪೆಗೆ ತಾಗುತ್ತದೆ ಲೆಕ್ಕವಿಲ್ಲ. ನೇಲ್ ಪಾಲಿಶಿನ ರೆಸಿನ್ ಎಂಬ ಅಂಟಿನಂಥ ಅಂಶಕ್ಕೆ ಅಲರ್ಜಿ ಇದ್ದವರಿಗೆ ಮೊದಲು ಊದುವುದು ರೆಪ್ಪೆ, ಕುತ್ತಿಗೆಯ ಪಕ್ಕ. ಪಾಲಿಶ್ ತೆಗೆಸಿದೆ. ಕೆಲವು ವಾರದಲ್ಲಿ ರೆಪ್ಪೆ ಸಪಾಟಾಯಿತು. ನೀವೂ ಒಂದು ತಿಂಗಳು ಉಗುರು ಖಾಲಿ ಬಿಟ್ಟು ನೋಡಿ. ಕೂದಲಿಗೆ ಕಪ್ಪು ಬಣ್ಣ ಹಚ್ಚುತ್ತಿದ್ದರೆ ಅದೂ ರೆಪ್ಪೆಗೆ ಇಳಿಯುತ್ತದೆ, ಕಪ್ಪು ಮೆಹೆಂದಿ ಎಂದು ಮಾರುವುದರಲ್ಲೂ ಆ ಬಣ್ಣದಲ್ಲಿರುವ, ಅಲರ್ಜಿ ತರುವ ಪಿಪಿಡಿ ಎಂಬ ರಾಸಾಯನಿಕವೇ ಇರುತ್ತದೆ. ಹಣೆಯ ಸ್ಟಿಕ್ಕರಿನ ಅಂಟು ಕೆಲವರಿಗೆ ಮೊದಲು ತುರಿಕೆ, ಆಮೇಲೆ ಬಿಳಿ ಕಲೆ ತರುತ್ತದೆ. ಅದು ತೊನ್ನೆಂದು ಮನೆಯವರೆಲ್ಲ ಹೆದರಿ ಕೂರುವ ಮೊದಲು ಸ್ಟಿಕ್ಕರ್ ಬಿಟ್ಟು ವೈದ್ಯರಿಗೆ ತೋರಿಸಿ.

ಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತೀರಿ ಎಂದಿರಿ. ರಸ್ತೆಯ ಎರಡೂ ಬದಿ, ಹೊಲದ ಬದು, ಬಸ್‌ಸ್ಟಾಪಿನ ಹಿಂದೆ ಬಿಳಿ ಹೂ ಬಿಡುವ ಕಾಂಗ್ರೆಸ್ ಗಿಡ ಇರುತ್ತದಲ್ಲ, ಅಂದರೆ ಪಾರ್ಥೇನಿಯಂ, ಅದರ ಒಣ ಪುಡಿ ಗಾಳಿಯಲ್ಲಿ ಹಾರಿ ಬಂದು ಕೂರುವ ಜಾಗಗಳೂ ಇವೇ: ರೆಪ್ಪೆ, ಕುತ್ತಿಗೆಯ ಮಡಿಕೆ, ಮೊಣಕೈ ಸಂದಿ. ನೋಡಲು ಥೇಟ್ ಇಸುಬಿನಂತೆಯೇ ಇರುತ್ತದೆ. ಮಳೆಗಾಲದಿಂದ ಆಚೆಗೆ ಹೆಚ್ಚಾಗುತ್ತದೆ, ಊರು ಬಿಟ್ಟು ಬೇರೆ ಕಡೆ ಹದಿನೈದು ದಿನ ಇದ್ದರೆ ಇಳಿಯುತ್ತದೆ ಎಂದರೆ ಅನುಮಾನ ಪಡಬೇಕು. ಜವಳಿ ಅಂಗಡಿಯವರಿಗೆ ಇನ್ನೊಂದು ಇದೆ. ಹೊಸ ಬಟ್ಟೆ ಸುಕ್ಕಾಗದಿರಲೆಂದು ಹಾಕುವ ಕೆಲವು ರೆಸಿನ್‌ಗಳಿಂದ ಫಾರ್ಮಾಲ್ಡಿಹೈಡ್ ಎಂಬ ಚರ್ಮ ಕೆರಳಿಸುವ ರಾಸಾಯನಿಕ ಹೊರಬರುತ್ತದೆ. ದಿನವಿಡೀ ಸೀರೆ ಬಿಚ್ಚಿ, ಮಡಿಚಿ, ಅದೇ ಕೈಯಲ್ಲಿ ಮುಖ ಒರೆಸಿಕೊಂಡರೆ ಕೆಲವರಿಗೆ ಕೆರಳುತ್ತದೆ. ಇವುಗಳಲ್ಲಿ ನಿಮಗೆ ಯಾವುದು ಎಂದು ಊಹಿಸುತ್ತಾ ಕೂರುವುದಕ್ಕಿಂತ ಪ್ಯಾಚ್ ಟೆಸ್ಟ್ ಒಳ್ಳೆಯದು. ಅನುಮಾನದ ವಸ್ತುಗಳನ್ನು ಇಟ್ಟ ಸಣ್ಣ ಸಣ್ಣ ಪಟ್ಟಿಗಳನ್ನು ಬೆನ್ನಿಗೆ ಅಂಟಿಸಿ, ಎರಡು ದಿನ ಬಿಟ್ಟು ತೆಗೆದು ನೋಡಿ, ಮತ್ತೆ ಎರಡು ಮೂರು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಸೂಜಿ ಚುಚ್ಚುವುದಿಲ್ಲ. ಎರಡು ವರ್ಷ ಕಾಡಿದ ರೆಪ್ಪೆಗೆ ಇದನ್ನು ಕೇಳಿ ಮಾಡಿಸಿಕೊಳ್ಳಲೇಬೇಕು.

ಮೇಕಪ್ಪಿಗೆ ಬಂದೆವು. ಚರ್ಮ ಒಡೆದಿದ್ದರೆ, ನೀರು ಜಿನುಗುತ್ತಿದ್ದರೆ, ಮುಟ್ಟಿದರೆ ಉರಿಯುತ್ತಿದ್ದರೆ ಆ ಜಾಗಕ್ಕೆ ಏನೂ ಬೇಡ. ಇದರಲ್ಲಿ ರಾಜಿ ಇಲ್ಲ. ಅಂಥ ದಿನ ಅಂಗಡಿಯವರಿಗೆ ವೈದ್ಯರ ಚೀಟಿ ತೋರಿಸಿ, ಲಿಪ್‌ಸ್ಟಿಕ್ ಒಂದನ್ನು ಹಚ್ಚಿಕೊಂಡು ಹೋಗಿ, ಅದೂ ತುಟಿ ಚೆನ್ನಾಗಿದ್ದರೆ ಮಾತ್ರ.

ಉಳಿದ ದಿನ ಬೆಳಿಗ್ಗೆ ಮಾಯಿಶ್ಚರೈಸರ್ ಹಚ್ಚಿ ಕಾಲು ಗಂಟೆ ಬಿಡಿ. ರೊಟ್ಟಿ ತಟ್ಟಿ ಡಬ್ಬಿ ಕಟ್ಟುವಷ್ಟರಲ್ಲಿ ಅದು ಇಳಿದಿರುತ್ತದೆ. ಮುಲಾಮು ಹಚ್ಚುವ ದಿನವಾದರೆ ಮುಲಾಮಿಗೂ ಮಾಯಿಶ್ಚರೈಸರಿಗೂ ನಡುವೆ ಅರ್ಧ ಗಂಟೆ ಅಂತರ ಇರಲಿ. ಆಮೇಲೆ ಝಿಂಕ್ ಆಕ್ಸೈಡ್ ಇರುವ ಸನ್‌ಸ್ಕ್ರೀನ್. ಅದು ಚರ್ಮದ ಮೇಲೆಯೇ ಕುಳಿತು ಕೆಲಸ ಮಾಡುವುದರಿಂದ ಕೆರಳಿಸುವುದು ಕಡಿಮೆ. ಅದರ ಮೇಲೆ ಫೌಂಡೇಶನ್. ಪೌಡರ್ ರೂಪದ್ದು ಒಣ ಚರ್ಮದ ಸಿಪ್ಪೆಯ ಸಂದಿಯಲ್ಲಿ ಕೂತು ಹೊಟ್ಟು ಹೊಟ್ಟಾಗಿ ಕಾಣುತ್ತದೆ, ಇದ್ದ ಪಸೆಯನ್ನೂ ಹೀರುತ್ತದೆ. ಕ್ರೀಮ್ ರೂಪದ್ದು, ಗ್ಲಿಸರಿನ್ ಇರುವಂಥದ್ದು ಆರಿಸಿ. 24 ಗಂಟೆ ಅಳಿಸುವುದಿಲ್ಲ, ನೀರಿಗೆ ಜಗ್ಗುವುದಿಲ್ಲ ಎನ್ನುವುದು ಬೇಡ, ಏಕೆಂದರೆ ಅದನ್ನು ತೆಗೆಯಲು ಉಜ್ಜಬೇಕಾಗುತ್ತದೆ, ಆ ಉಜ್ಜುವಿಕೆಯೇ ಕೆಡಿಸುತ್ತದೆ. ತೊಳೆದ ಬೆರಳಿನಿಂದ ಒತ್ತಿ ಒತ್ತಿ ಹಚ್ಚಿ, ಎಳೆಯಬೇಡಿ.

ಫೋನಿನಲ್ಲಿ ನೋಡುವ ವಿಡಿಯೊಗಳಲ್ಲಿ ಇಸುಬಿನ ಕೆಂಪು ಮುಚ್ಚಲು ಹಸಿರು ಕರೆಕ್ಟರ್ ಹಚ್ಚು ಎನ್ನುತ್ತಾರೆ. ಅದು ಬಿಳಿಯ ಚರ್ಮದವರ ಲೆಕ್ಕ. ನಮ್ಮ ಗೋಧಿ ಬಣ್ಣ, ಎಣ್ಣೆಗೆಂಪು ಬಣ್ಣದ ಮೇಲೆ ಉರಿಯೂತ ಅಷ್ಟು ಕೆಂಪಾಗಿ ಕಾಣುವುದೇ ಇಲ್ಲ. ನೇರಳೆ ಮಿಶ್ರಿತ ಕಂದಾಗಿ, ಬೂದಿಯಾಗಿ ಕಾಣುತ್ತದೆ. ಅದರ ಮೇಲೆ ಹಸಿರು ಬಿದ್ದರೆ ಮುಖ ಬೂದಿ ಬಳಿದಂತಾಗುತ್ತದೆ. ಕಪ್ಪು ಉಳಿದ ಜಾಗಕ್ಕೆ ಪೀಚ್ ಇಲ್ಲವೇ ತಿಳಿ ಕಿತ್ತಳೆ ಬಣ್ಣದ್ದು ಹೊಂದುತ್ತದೆ, ಒಂದು ಅಕ್ಕಿಕಾಳಿನಷ್ಟು ಸಾಕು. ಇಸುಬು ವಾಸಿಯಾದ ಮೇಲೆ ಉಳಿಯುವ ಈ ಕಪ್ಪು ತಿಂಗಳುಗಳಲ್ಲಿ ತಾನೇ ತಿಳಿಯಾಗುತ್ತದೆ. ಅಷ್ಟು ಕಾಯಲಾಗದೆ ಬೆಳ್ಳಗಾಗುವ ಕ್ರೀಮಿಗೆ ಕೈ ಹಾಕಿದವರೇ ನಿಮ್ಮ ಟ್ಯೂಬಿನ ದಾರಿ ಹಿಡಿಯುವುದು.

ಕೊಳ್ಳುವಾಗ ಡಬ್ಬಿಯ ಮುಂಭಾಗ ಓದಬೇಡಿ, ಹಿಂಭಾಗ ಓದಿ. ಹೈಪೋಅಲರ್ಜೆನಿಕ್, ಡರ್ಮಟಾಲಜಿಸ್ಟ್ ಟೆಸ್ಟೆಡ್ ಎಂಬ ಮಾತುಗಳಿಗೆ ಗಟ್ಟಿಯಾದ ಅಳತೆಗೋಲಿಲ್ಲ. ಹಿಂದಿನ ಪಟ್ಟಿಯಲ್ಲಿ ಫ್ರಾಗ್ರೆನ್ಸ್, ಪರ್ಫ್ಯೂಮ್, ಪಾರ್ಫಮ್, ಲಿನಲೂಲ್, ಲಿಮೊನೀನ್ ಎಂದಿದ್ದರೆ ಅದು ಸುವಾಸನೆ. ಅನ್‌ಸೆಂಟೆಡ್ ಎಂದು ಬರೆದಿದ್ದರೂ ವಾಸನೆ ಮುಚ್ಚಲು ಇನ್ನೊಂದು ವಾಸನೆ ಹಾಕಿರುತ್ತಾರೆ, ನಿಮಗೆ ಬೇಕಾದ್ದು ಫ್ರಾಗ್ರೆನ್ಸ್ ಫ್ರೀ. ಮೀಥೈಲ್‌ಐಸೊಥಯಾಜೋಲಿನೋನ್ ಎಂಬ ಉದ್ದ ಹೆಸರಿನ ಸಂರಕ್ಷಕವನ್ನು ಮುಖದ ಮೇಲೆ ಉಳಿಯುವ ಕ್ರೀಮುಗಳಲ್ಲಿ ಬಳಸುವುದನ್ನು ಯುರೋಪ್ 2017ರಲ್ಲಿ ನಿಷೇಧಿಸಿದೆ. ಕಂಡರೆ ಅಲ್ಲೇ ಇಟ್ಟುಬಿಡಿ. ಗಿಡಮೂಲಿಕೆ, ನ್ಯಾಚುರಲ್ ಎಂದ ಮಾತ್ರಕ್ಕೆ ಸುರಕ್ಷಿತವಲ್ಲ, ಟೀ ಟ್ರೀ ಮತ್ತು ಲ್ಯಾವೆಂಡರ್ ಎಣ್ಣೆ ಎಷ್ಟೋ ಜನರಿಗೆ ಅಲರ್ಜಿ. ಅಮ್ಮನ ಅರಿಶಿನ, ಕಡ್ಲೆಹಿಟ್ಟಿಗೂ ಇದೇ ಉತ್ತರ. ಅವರ ಕಾಳಜಿ ದೊಡ್ಡದು, ಆದರೆ ಕಡ್ಲೆಹಿಟ್ಟು ಒಣಗಿಸುತ್ತದೆ, ಉಜ್ಜಿದರೆ ಗೀರುತ್ತದೆ, ಅರಿಶಿನಕ್ಕೂ ಅಲರ್ಜಿ ಆಗುವುದುಂಟು. ಅರಿಶಿನ ಸಾರಿಗೆ ಹಾಕಲಿ.

ಹೊಸದೇನೇ ತಂದರೂ ನೇರ ಮುಖಕ್ಕೆ ಬೇಡ. ಮೊಣಕೈ ಒಳಭಾಗದಲ್ಲಿ, ಇಸುಬು ಇಲ್ಲದ ಜಾಗದಲ್ಲಿ, ದಿನಕ್ಕೆ ಎರಡು ಸಲದಂತೆ ಒಂದು ವಾರ ಹಚ್ಚಿ ನೋಡಿ. ಏನೂ ಆಗದಿದ್ದರೆ ಮುಖಕ್ಕೆ ತನ್ನಿ, ಅದೂ ಒಂದು ಸಲಕ್ಕೆ ಒಂದೇ ವಸ್ತು. ಒಂದೇ ದಿನ ಮೂರು ಹೊಸದು ಹಚ್ಚಿದರೆ ಕಳ್ಳ ಯಾರೆಂದು ಪೊಲೀಸರೂ ಹೇಳಲಾರರು.

ತೆಗೆಯುವುದು ಹಚ್ಚುವುದಕ್ಕಿಂತ ಮುಖ್ಯ. ಸಂಜೆ ಬಸ್ಸಿಳಿದು ಸುಸ್ತಾಗಿ ಹಾಗೇ ಮಲಗಿಬಿಡುವುದು ನನಗೂ ಅರ್ಥವಾಗುತ್ತದೆ. ಆದರೂ ಐದು ನಿಮಿಷ ಕೊಡಿ. ಪೆಟ್ರೋಲಿಯಂ ಜೆಲ್ಲಿಯನ್ನೋ ಸುವಾಸನೆ ಇಲ್ಲದ ಕ್ಲೆನ್ಸಿಂಗ್ ಬಾಮನ್ನೋ ಮೆಲ್ಲಗೆ ಸವರಿ ಒಂದು ನಿಮಿಷ ಬಿಟ್ಟರೆ ಬಣ್ಣ ತಾನೇ ಸಡಿಲವಾಗುತ್ತದೆ. ಒದ್ದೆ ಹತ್ತಿಯಿಂದ ಒತ್ತಿ ತೆಗೆದು, ಕ್ಲೆನ್ಸರಿನಿಂದ ತೊಳೆದು, ಮತ್ತೆ ಮಾಯಿಶ್ಚರೈಸರ್. ವೈಪ್ಸ್ ಬೇಡ. ಮೈಸೆಲ್ಲಾರ್ ನೀರು ಬಳಸಿದರೂ ಆಮೇಲೆ ತೊಳೆಯಲೇಬೇಕು. ಬ್ರಷ್ಷುಗಳನ್ನು ವಾರಕ್ಕೊಮ್ಮೆ ಮಕ್ಕಳ ಶಾಂಪೂ ಹಾಕಿ ತೊಳೆದು ಮಲಗಿಸಿ ಒಣಗಿಸಿ. ಮಸ್ಕಾರ ಮೂರು ತಿಂಗಳಿಗೆ ಬದಲಿಸಿ. ಅಂಗಡಿಯ ಗೆಳತಿಯರ ನಡುವೆ ಒಂದೇ ಕಾಡಿಗೆ ಕಡ್ಡಿ ಓಡಾಡುತ್ತಿದ್ದರೆ ನೀವು ಆ ಸಾಲಿನಿಂದ ಹೊರಗಿರಿ. ಇಸುಬಿನ ಚರ್ಮದ ಮೇಲೆ ಸ್ಟೆಫಿಲೊಕಾಕಸ್ ಬ್ಯಾಕ್ಟೀರಿಯಾ ಬೇಗ ಬೀಡುಬಿಡುತ್ತದೆ.

ಊಟದ ವಿಷಯ ಬೇಗ ಮುಗಿಸುತ್ತೇನೆ. ದೊಡ್ಡವರ ಇಸುಬಿಗೆ ಆಹಾರ ಕಾರಣವಾಗುವುದು ಅಪರೂಪ. ತಿಂದಾಗಲೆಲ್ಲ ಕೆರಳುತ್ತದೆ ಎಂದು ನೀವೇ ಮೂರು ನಾಲ್ಕು ಸಲ ಗಮನಿಸಿದ್ದರೆ ಅದನ್ನು ಬಿಡಿ. ಇಲ್ಲದಿದ್ದರೆ ಬದನೆಕಾಯಿಯನ್ನೂ ಬಿಡಬೇಡಿ, ಮಂಡಕ್ಕಿ ಮೆಣಸಿನಕಾಯಿಯನ್ನೂ ಬಿಡಬೇಡಿ. ಬೆವರು ಬಂದರೆ ತುರಿಸುತ್ತದೆ, ತಿಂದು ಮುಖಕ್ಕೆ ತಣ್ಣೀರು ಹಾಕಿಕೊಳ್ಳಿ.

ಕಾಯಬಾರದ ಸಂದರ್ಭಗಳೂ ಇವೆ. ಜೇನಿನ ಬಣ್ಣದ ಹಕ್ಕಳೆ ಕಟ್ಟಿದರೆ, ಕೀವು ಬಂದರೆ, ಕಣ್ಣೇ ಕೆಂಪಾಗಿ ನೋವಾದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಜ್ವರದ ಜೊತೆಗೆ ಒಂದೇ ಅಳತೆಯ ಸಣ್ಣ ನೀರುಗುಳ್ಳೆಗಳು ಗುಂಪಾಗಿ ಎದ್ದು, ಒಡೆದು, ಮೊಳೆ ಹೊಡೆದಂಥ ಗುಳಿಗಳಾದರೆ ಅದು ಇಸುಬಿನ ಮೇಲೆ ಹರ್ಪಿಸ್ ವೈರಸ್ ಹರಡಿದ್ದು, ರಾತ್ರಿಯಾದರೂ ಹೊರಡಿ. ರೆಪ್ಪೆಯನ್ನು ಮಾತ್ರ ಉಜ್ಜಬೇಡಿ, ವರ್ಷಗಟ್ಟಲೆ ಉಜ್ಜಿದರೆ ಕಣ್ಣಿನ ಕರಿಗುಡ್ಡೆಯ ಮುಂದಿನ ಪಾರದರ್ಶಕ ಪದರದ ಆಕಾರವೇ ಕೆಡಬಹುದು. ತುರಿಕೆ ತಡೆಯಲಾಗದಿದ್ದರೆ ತಣ್ಣನೆಯ ಒದ್ದೆ ಬಟ್ಟೆ ಮಡಿಚಿ ಐದು ನಿಮಿಷ ಇಟ್ಟುಕೊಳ್ಳಿ.

ವೈದ್ಯರ ಬಳಿ ಹೋಗುವ ದಿನ ಮುಖಕ್ಕೆ ಏನೂ ಹಚ್ಚದೆ ಹೋಗಿ, ಆದರೆ ಮೇಕಪ್ ಚೀಲವನ್ನು ಇಡೀ ಇಡಿಯಾಗಿ ಹಿಡಿದುಕೊಂಡು ಹೋಗಿ. ಫೌಂಡೇಶನ್, ಕಾಡಿಗೆ, ಸ್ಟಿಕ್ಕರ್ ಪ್ಯಾಕೆಟ್, ನೇಲ್ ಪಾಲಿಶ್, ಸೋಪಿನ ಕವರ್, ತಲೆಗೆ ಹಚ್ಚುವ ಬಣ್ಣ, ಎಲ್ಲವೂ ಇರಲಿ. ಆ ಟ್ಯೂಬನ್ನಂತೂ ಮರೆಯಬೇಡಿ, ಎಷ್ಟು ತಿಂಗಳು ಹಚ್ಚಿದಿರಿ ಎಂಬುದನ್ನು ಮುಚ್ಚಿಡಬೇಡಿ. ಯಾರೂ ಬೈಯುವುದಿಲ್ಲ. ಬೈದರೆ ಇನ್ನೊಬ್ಬ ವೈದ್ಯರ ಬಳಿಗೆ ಹೋಗಿ.